ಆಲಿಸಳ ಅಪ್ಪ ಬರೆದ ಪುಸ್ತಕ

ನಾ. ಕಸ್ತೂರಿಯವರ ಎರಡು ಪುಸ್ತಕಗಳನ್ನು ನಾನು ಹೈಸ್ಕೂಲಿನಲ್ಲಿದ್ದಾಗಲೇ ಓದಿದ್ದೆ. ಒಂದು ‘ಪಾತಾಳದಲ್ಲಿ ಪಾಪಚ್ಚಿ’. ಅದು ಲೂಯಿಸ್ ಕೆರೊಲ್ ಬರೆದ ಆಲಿಸ್ ಕಥೆಯ ಕನ್ನಡ ಅವತಾರ. ಇನ್ನೊಂದು ‘ಅನರ್ಥಕೋಶ’, ನಿಘಂಟನ್ನೇ ಗೇಲಿ ಮಾಡುವ ನಿಘಂಟು. ಎರಡನ್ನೂ ಓದಿ ಬಿದ್ದು ಬಿದ್ದು ನಕ್ಕಿದ್ದೆ. ಆ ಕಥೆಯ ಹುಡುಗಿಗೂ ನಿಘಂಟಿಗೂ ರಕ್ತಸಂಬಂಧವೇ ಇದೆ ಅನ್ನೋದು ತಿಳಿದದ್ದು ಮಾತ್ರ ಮೇಷ್ಟ್ರಾಗಿ ಎಷ್ಟೋ ವರ್ಷ ಕಳೆದ ಮೇಲೆ.

ಆಲಿಸ್ ಬರೀ ಕಲ್ಪನೆಯ ಹುಡುಗಿಯಲ್ಲ. ಆಲಿಸ್ ಲಿಡೆಲ್ ಅನ್ನುವ ನಿಜವಾದ ಮಗುವೊಂದು ಇತ್ತು. ಅವಳ ಅಪ್ಪ ಹೆನ್ರಿ ಜಾರ್ಜ್ ಲಿಡೆಲ್. ಗ್ರೀಕ್ ಭಾಷೆಯ ಅತಿ ಹೆಸರಾದ ನಿಘಂಟನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು. 1855ರಿಂದ 1891ರವರೆಗೆ, 36 ವರ್ಷ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಡೀನ್. ಬದುಕಿದ್ದಾಗ ಅವರ ಹೆಸರು ಕೇಳಿದರೆ ಇಡೀ ಊರು ಎದ್ದು ನಿಲ್ಲುತ್ತಿತ್ತು. ಇವತ್ತು ಅವರನ್ನು ಪರಿಚಯಿಸಬೇಕಾದರೆ ಮಗಳ ಹೆಸರು ಹೇಳಬೇಕು.

ಅವರ ಬಗ್ಗೆ ಬರೆಯೋದಕ್ಕೆ ನನಗೆ ನನ್ನದೇ ಒಂದು ಕಾರಣವಿದೆ. ನಾನು ಗ್ರೀಕ್ ಕಲಿತವನಲ್ಲ. ಆದರೆ ನಿವೃತ್ತಿಗೆ ಮೊದಲು ಒಂದು ಪದವಿ ಕಾಲೇಜಿನಲ್ಲಿ ಆರು ವರ್ಷ ಪ್ರಿನ್ಸಿಪಾಲನಾಗಿದ್ದೆ. ಅದಕ್ಕೂ ಮುಂಚೆ, ನಮ್ಮ ಕಡೆಯ ಆಲೆಮನೆಗಳ ಪದಗಳನ್ನು ಚೀಟಿಗಳಲ್ಲಿ ಬರೆದು ಸೇರಿಸುತ್ತಿದ್ದೆ. ಕಬ್ಬು ಕಡಿಯುವವರ ಬಾಯಲ್ಲಿ, ಬೆಲ್ಲ ಕಾಯಿಸುವವರ ಬಾಯಲ್ಲಿ ಮಾತ್ರ ಇದ್ದ ಪದಗಳು. ಕುರ್ಚಿ ಸಿಕ್ಕ ದಿನ ಆ ಚೀಟಿಗಳ ಡಬ್ಬ ಬೀರುವಿನ ಒಳಗೆ ಹೋಯಿತು. ಸಮಿತಿ, ತಪಾಸಣೆ, ಫೈಲು, ಬಿಲ್ಲು. ಪುರುಸೊತ್ತು ಇಲ್ಲ ಅನ್ನೋದು ನನ್ನ ಸಮರ್ಥನೆಯಾಗಿತ್ತು. ಲಿಡೆಲ್ ಬದುಕನ್ನು ಓದಿದಾಗ ಆ ಸಮರ್ಥನೆಗೆ ಸ್ವಲ್ಪ ಪೆಟ್ಟು ಬಿತ್ತು.

ಇಬ್ಬರು ಹುಡುಗರು, ಒಂದು ಹುಚ್ಚು

ಲಿಡೆಲ್ ಹುಟ್ಟಿದ್ದು 1811ರ ಫೆಬ್ರವರಿ 6ರಂದು, ಇಂಗ್ಲೆಂಡಿನ ಉತ್ತರ ಭಾಗದ ಡರಂ ಸೀಮೆಯ ಬಿನ್‌ಚೆಸ್ಟರಿನಲ್ಲಿ. ಅಪ್ಪ ಪಾದ್ರಿ. ವಂಶದಲ್ಲಿ ಶ್ರೀಮಂತರೂ ಬಿರುದಿನವರೂ ಇದ್ದರು. ಓದು ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ. ಆ ಶಾಲೆ ಅವರಿಗೆ ಹಿಡಿಸಲೇ ಇಲ್ಲ. ಮುಂದೆ ದೊಡ್ಡ ಕಾದಂಬರಿಕಾರನಾದ ಥ್ಯಾಕರೆ ತರಗತಿಯಲ್ಲಿ ಪಕ್ಕದ ಜಾಗದಲ್ಲೇ ಇದ್ದ. ಇಬ್ಬರೂ ಪಾಠ ಕೇಳುವ ಬದಲು ಚಿತ್ರ ಬರೀತಾ ಕೂರುತ್ತಿದ್ದರು. ಆ ಚಾಳಿ ಲಿಡೆಲ್‌ರನ್ನು ಕೊನೆಯವರೆಗೂ ಬಿಡಲಿಲ್ಲ. ವಿಶ್ವವಿದ್ಯಾಲಯದ ಆಡಳಿತ ಸಭೆಗಳಲ್ಲಿ ಒಣ ಚರ್ಚೆ ನಡೆಯುತ್ತಿದ್ದರೆ ಡೀನ್ ಸಾಹೇಬರು ಶಾಯಿ ಒತ್ತುವ ಕಾಗದದ ಮೇಲೆ ಗುಡ್ಡ, ಮರ, ಸೇತುವೆ ಬಿಡಿಸುತ್ತಿದ್ದರು. ಆ ಕಾಗದಗಳನ್ನು ಜನ ಎತ್ತಿಟ್ಟುಕೊಳ್ಳುತ್ತಿದ್ದರು. ಸಭೆಗಳಲ್ಲಿ ಕೂತು ಬೇಸತ್ತ ಯಾರಿಗಾದರೂ ಇದು ಅರ್ಥವಾಗುತ್ತೆ.

1833ರಲ್ಲಿ ಕ್ರೈಸ್ಟ್ ಚರ್ಚ್‌ನಿಂದ ಎರಡೆರಡು ಪ್ರಥಮ ದರ್ಜೆ ಪಡೆದು ಹೊರಬಂದರು. ಗ್ರೀಕ್-ಲ್ಯಾಟಿನ್‌ನಲ್ಲಿ ಒಂದು, ಗಣಿತದಲ್ಲಿ ಒಂದು. ಜೊತೆಯಲ್ಲಿ ಓದಿದ ಗೆಳೆಯ ರಾಬರ್ಟ್ ಸ್ಕಾಟ್. ಒಬ್ಬ ಪುಸ್ತಕ ವ್ಯಾಪಾರಿ ಇವರ ಮುಂದೆ ಒಂದು ಸಲಹೆ ಇಟ್ಟ. ಜರ್ಮನಿಯ ಫ್ರಾನ್ಸ್ ಪಾಸೋ ಅನ್ನುವ ವಿದ್ವಾಂಸ ಮಾಡಿದ್ದ ಗ್ರೀಕ್ ನಿಘಂಟನ್ನು ಆಧಾರವಾಗಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ನಿಘಂಟು ಮಾಡಿ ಅಂತ. ಅಲ್ಲಿಯವರೆಗೆ ಇಂಗ್ಲೆಂಡಿನ ಹುಡುಗರಿಗೆ ಒಳ್ಳೆಯ ಗ್ರೀಕ್ ನಿಘಂಟು ಬೇಕೆಂದರೆ ಬಹುಪಾಲು ಲ್ಯಾಟಿನ್ ಮೂಲಕವೇ ಹೋಗಬೇಕಿತ್ತು. ಗೊತ್ತಿಲ್ಲದ ಭಾಷೆಯನ್ನು ಅರೆಬರೆ ಗೊತ್ತಿರುವ ಇನ್ನೊಂದು ಭಾಷೆಯಿಂದ ಕಲಿಯುವ ಪಾಡು.

1834ರ ಹೊತ್ತಿಗೆ ಕೆಲಸ ಶುರುವಾಯಿತು. ಇಬ್ಬರಿಗೂ ಆಗ ಇಪ್ಪತ್ತಮೂರು ವರ್ಷ.

ಪಾಸೋನಿಂದ ಅವರು ತೆಗೆದುಕೊಂಡದ್ದು ಪದಗಳ ಪಟ್ಟಿಯನ್ನಷ್ಟೇ ಅಲ್ಲ, ಒಂದು ತತ್ವವನ್ನು. ಪ್ರತಿ ಪದವೂ ತನ್ನ ಚರಿತ್ರೆಯನ್ನು ತಾನೇ ಹೇಳಬೇಕು. ಮೊದಲು ಹೋಮರನಲ್ಲಿ ಆ ಪದ ಯಾವ ಅರ್ಥದಲ್ಲಿ ಬಂತು, ಆಮೇಲೆ ಹೆರೊಡೋಟಸ್ ಹೇಗೆ ಬಳಸಿದ, ನಾಟಕಕಾರರ ಬಾಯಲ್ಲಿ ಏನಾಯಿತು, ಪ್ಲೇಟೋ ಅದಕ್ಕೆ ಯಾವ ಹೊಸ ಭಾರ ಹೊರಿಸಿದ. ಹೀಗೆ ಪದದ ಹುಟ್ಟಿನಿಂದ ಹೊರಟು ಅದು ನಡೆದ ದಾರಿಯನ್ನೆಲ್ಲ ಸಾಕ್ಷಿ ಸಮೇತ ತೋರಿಸಬೇಕು. ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಯೋಜಿಸಿದವರು ಇದೇ ತತ್ವವನ್ನು ಹಿಡಿದರು.

ಒಂದು ಉದಾಹರಣೆ ಕೊಡ್ತೇನೆ. ಸೈಕೋಫೆಂಟ್ ಅನ್ನುವ ಇಂಗ್ಲಿಷ್ ಪದ ನಮಗೆಲ್ಲ ಗೊತ್ತು. ಭಟ್ಟಂಗಿ, ಹೊಗಳುಭಟ್ಟ. ಗ್ರೀಕಿನಲ್ಲಿ ಆ ಅರ್ಥ ಇರಲೇ ಇಲ್ಲ. ಅಥೆನ್ಸಿನಲ್ಲಿ ಆ ಪದ ಸುಳ್ಳು ದೂರು ಕೊಟ್ಟು, ಕೋರ್ಟಿನ ಬೆದರಿಕೆ ಹಾಕಿ ದುಡ್ಡು ಕೀಳುವವನಿಗೆ ಸಲ್ಲುತ್ತಿತ್ತು. ಪದವನ್ನು ಬಿಡಿಸಿದರೆ ಅಂಜೂರ ತೋರಿಸುವವನು ಅಂತಾಗುತ್ತದೆ. ಅಂಜೂರದ ಕಳ್ಳಸಾಗಣೆ ಹಿಡಿದುಕೊಡುತ್ತಿದ್ದವರಿಂದ ಈ ಹೆಸರು ಬಂತು ಅನ್ನುವುದು ಹಳೆಯ ವಿವರಣೆ. ಲಿಡೆಲ್ ಮತ್ತು ಸ್ಕಾಟ್ ಅದನ್ನು ನಂಬಲಿಲ್ಲ. ಅಂಜೂರಕ್ಕೆ ಇಂಗ್ಲಿಷಿನಲ್ಲಿ ಫಿಗ್, ಕಟ್ಟುಕಥೆಗೆ ಫಿಗ್‌ಮೆಂಟ್. ಆ ಎರಡನೆಯ ಪದವನ್ನೇ ಬಳಸಿ ಆ ವಿವರಣೆಯನ್ನು ತಳ್ಳಿಹಾಕಿದರು. ಗಂಭೀರ ನಿಘಂಟಿನ ಮಧ್ಯೆ ಬಾಲ ಅಲ್ಲಾಡಿಸಿದ ಈ ಕೀಟಲೆ ಮುಂದಿನ ಮುದ್ರಣಗಳಲ್ಲಿ ಮಾಯವಾಯಿತು.

1840ರಲ್ಲಿ ಸ್ಕಾಟ್ ದೂರದ ಕಾರ್ನ್‌ವಾಲಿನ ಒಂದು ಹಳ್ಳಿಗೆ ಪಾದ್ರಿಯಾಗಿ ಹೋದರು. ಮುಂದಿನದ್ದೆಲ್ಲ ಪತ್ರವ್ಯವಹಾರ. ಗ್ರೀಕ್ ಲಿಪಿಯಲ್ಲಿ ಪೈ ಅನ್ನುವ ಅಕ್ಷರಕ್ಕೆ ಎರಡು ಕಾಲು. ಆ ಅಕ್ಷರದಿಂದ ಶುರುವಾಗುವ ಪದಗಳು ವಿಪರೀತ. 1842ರಲ್ಲಿ ಆ ಅಕ್ಷರ ಮುಗಿಸುವ ಹೊತ್ತಿಗೆ ಲಿಡೆಲ್ ಗೆಳೆಯನಿಗೆ ಬರೆದ ಕಾಗದದಲ್ಲಿ ಅದನ್ನು ಎರಡು ಕಾಲಿನ ರಾಕ್ಷಸನಿಗೆ ಹೋಲಿಸಿ ತಮಾಷೆ ಮಾಡಿದ್ದಾರೆ. ಆ ತಮಾಷೆಯ ಹಿಂದಿನ ದಣಿವು ಯಾರಿಗೂ ಕಾಣುತ್ತೆ. 1843ರಲ್ಲಿ ಪುಸ್ತಕ ಹೊರಬಂತು.

ಮುಖಪುಟದಲ್ಲಿ ಪಾಸೋನ ಹೆಸರಿತ್ತು. 1855ರ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಆ ಹೆಸರು ಅಲ್ಲಿಂದ ಹೋಯಿತು. ಅಷ್ಟರಲ್ಲಿ ಪುಸ್ತಕ ತುಂಬ ಬದಲಾಗಿತ್ತು ನಿಜ. ಆದರೂ ಈ ವಿಷಯ ನನ್ನ ಮನಸ್ಸಿನಲ್ಲಿ ಉಳಿದಿದೆ. ನಿಘಂಟು ಅನ್ನೋದು ತನ್ನನ್ನು ಕಟ್ಟಿದವರನ್ನು ಒಬ್ಬೊಬ್ಬರಾಗಿ ಮರೆಸುತ್ತ ಹೋಗುತ್ತದೆ.

ಕುರ್ಚಿಗಳ ಕಾಲ

1846ರಲ್ಲಿ ಲಿಡೆಲ್ ಎರಡು ಕೆಲಸ ಮಾಡಿದರು. ಲೊರೀನಾ ರೀವ್ ಎಂಬುವರನ್ನು ಮದುವೆಯಾದರು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯರಾದರು. ಒಟ್ಟು ಹತ್ತು ಮಕ್ಕಳು. ಲಂಡನ್ನಿನ ಆ ವರ್ಷಗಳು ಸುಲಭದ್ದಾಗಿರಲಿಲ್ಲ. ಹಳೆಯ ಚರಂಡಿಗಳಿಂದ 1848ರಲ್ಲಿ ಜ್ವರ ಹಬ್ಬಿ ಲೊರೀನಾ ಹಾಸಿಗೆ ಹಿಡಿದರು. 1853ರಲ್ಲಿ ಮೂರು ವರ್ಷದ ಮಗ ಜೇಮ್ಸ್ ಕೆಂಜ್ವರಕ್ಕೆ ಬಲಿಯಾದ. ನಿಘಂಟಿನ ಮೂರನೆಯ ಆವೃತ್ತಿ, ನಾಲ್ಕನೆಯ ಆವೃತ್ತಿ ತಯಾರಾದದ್ದು ಇದೇ ಮನೆಯಲ್ಲಿ.

1850ರಲ್ಲಿ ಸರಕಾರ ಆಕ್ಸ್‌ಫರ್ಡಿನ ಸ್ಥಿತಿಗತಿ ವಿಚಾರಿಸಲು ಆಯೋಗ ನೇಮಿಸಿತು. ಲಿಡೆಲ್ ಅದರ ಸದಸ್ಯರು. ಆಗಿನ ಆಕ್ಸ್‌ಫರ್ಡ್ ಅಂದರೆ ಆಂಗ್ಲಿಕನ್ ಚರ್ಚಿನವರ ಸ್ವಂತ ಆಸ್ತಿ ಇದ್ದ ಹಾಗೆ. ಆ ಚರ್ಚಿನ ನಂಬಿಕೆಗೆ ಸಹಿ ಹಾಕದವರಿಗೆ ಒಳಗೆ ಪ್ರವೇಶವೇ ಇಲ್ಲ. ಆಯೋಗದ ವರದಿಯ ಬೆನ್ನಿಗೆ ಬಂದ 1854ರ ಕಾಯಿದೆ ಆ ಬಾಗಿಲನ್ನು ಸ್ವಲ್ಪ ತೆರೆಯಿತು. 1871ರ ಇನ್ನೊಂದು ಕಾಯಿದೆ ಇನ್ನಷ್ಟು ತೆರೆಯಿತು.

1855ರಲ್ಲಿ ಕ್ರೈಸ್ಟ್ ಚರ್ಚ್‌ನ ಡೀನ್ ಆದರು. ನಮ್ಮಲ್ಲಿ ಡೀನ್ ಅಂದರೆ ಒಂದು ವಿಭಾಗದ ಮುಖ್ಯಸ್ಥರು. ಅಲ್ಲಿ ಹಾಗಲ್ಲ. ಕಾಲೇಜಿಗೂ ಅದರೊಳಗಿನ ದೊಡ್ಡ ಚರ್ಚಿಗೂ ಸೇರಿ ಒಬ್ಬನೇ ಯಜಮಾನ. ಸುಧಾರಣೆ ಬೇಕು ಅಂತ ವರದಿ ಬರೆದವರೇ ಈಗ ಅದನ್ನು ಜಾರಿ ಮಾಡಬೇಕಾದ ಜಾಗದಲ್ಲಿ ಕೂತರು. ವರದಿ ಬರೆಯೋದು ಸುಲಭ ನೋಡಿ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಆಡಳಿತದಲ್ಲಿ ಮಾತೇ ಇರಲಿಲ್ಲ. ಅಧಿಕಾರವೆಲ್ಲ ಚರ್ಚಿನ ಹಿರಿಯ ಪಾದ್ರಿಗಳ ಕೈಯಲ್ಲಿತ್ತು. ಪಾಠ ಹೇಳುವವರಿಗೆ ಆಡಳಿತದಲ್ಲಿ ಪಾಲು ಸಿಕ್ಕಿದ್ದು 1867ರ ಕಾಯಿದೆಯಿಂದ, ಅಂದರೆ ಅವರು ಡೀನ್ ಆಗಿ ಹನ್ನೆರಡು ವರ್ಷಗಳ ಮೇಲೆ. 1870ರಿಂದ 1874ರವರೆಗೆ ಇಡೀ ವಿಶ್ವವಿದ್ಯಾಲಯದ ಉಪಕುಲಪತಿಯ ಭಾರವನ್ನೂ ಹೊತ್ತರು. ಹೊಸ ಕಟ್ಟಡ, ಚರ್ಚಿನ ಜೀರ್ಣೋದ್ಧಾರ, ರಾಜಕುಮಾರರ ಉಪಚಾರ, ವಿದ್ಯಾರ್ಥಿಗಳ ಪುಂಡಾಟ, ಎಲ್ಲವೂ ಅವರ ಮೇಜಿಗೇ ಬರಬೇಕು. ಎತ್ತರದ ಆಳು, ಬಿಗಿದ ಮುಖ, ಮಾತು ಕಡಿಮೆ. ಹುಡುಗರು ಹೆದರುತ್ತಿದ್ದರು. ಬೆನ್ನ ಹಿಂದೆ, ಮನೆಯಲ್ಲಿ ಹೆಂಡತಿಯದೇ ಮೊದಲ ಪಿಟೀಲು ಅಂತ ಪದ್ಯ ಕಟ್ಟಿ ಹಾಡಿಕೊಳ್ಳುತ್ತಿದ್ದರು.

ಮುಚ್ಚಿಬಿಟ್ಟ ಒಂದು ಫೈಲು

ಆ ಕಾಲೇಜಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್. ಲೂಯಿಸ್ ಕೆರೊಲ್ ಅನ್ನುವುದು ಅವರ ಕಾವ್ಯನಾಮ. 1856ರ ಏಪ್ರಿಲಿನಲ್ಲಿ ಡೀನ್ ಮನೆಯ ತೋಟದಿಂದ ಚರ್ಚಿನ ಫೋಟೋ ತೆಗೆಯಲು ಬಂದವರಿಗೆ ಮನೆಯ ಮಕ್ಕಳ ಪರಿಚಯವಾಯಿತು. 1862ರ ಜುಲೈ 4ರಂದು ಲೊರೀನಾ, ಆಲಿಸ್, ಈಡಿತ್ ಎಂಬ ಮೂವರು ಅಕ್ಕತಂಗಿಯರನ್ನು ದೋಣಿಯಲ್ಲಿ ಕರೆದೊಯ್ದಾಗ ಹೇಳಿದ ಕಥೆ 1865ರಲ್ಲಿ ಪುಸ್ತಕವಾಯಿತು. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಅದೇ ವರ್ಷದ ಅಕ್ಟೋಬರಿನಲ್ಲಿ ನಡೆಯಿತು. ಕಾಲೇಜಿನ ನಿಯಮದಂತೆ ಡಾಡ್ಜ್‌ಸನ್ ಪೂರ್ಣ ಪಾದ್ರಿ ದೀಕ್ಷೆ ತೆಗೆದುಕೊಳ್ಳಬೇಕಿತ್ತು. ಅವರು ಅದರ ಮೊದಲ ಮೆಟ್ಟಿಲಿನಲ್ಲೇ ನಿಂತಿದ್ದರು, ಮುಂದಕ್ಕೆ ಹೋಗಲು ಮನಸ್ಸಿರಲಿಲ್ಲ. ಡೀನ್ ಹತ್ತಿರ ಹೋಗಿ ಕೇಳಿದರು. ನಿಯಮದ ಪ್ರಕಾರ ನೀವು ಜಾಗ ಕಳೆದುಕೊಂಡಂತೆ, ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಡಬೇಕಾಗುತ್ತೆ ಎಂಬ ಅರ್ಥದ ಮಾತು ಲಿಡೆಲ್‌ರಿಂದ ಬಂತು. ಮರುದಿನ ಅವರೇ ಮನಸ್ಸು ಬದಲಿಸಿದರು. ಇದನ್ನು ಮುಂದಕ್ಕೆ ಒಯ್ಯುವುದಿಲ್ಲ ಅಂತ ತಿಳಿಸಿ ವಿಷಯ ಕೈಬಿಟ್ಟರು. ಡಾಡ್ಜ್‌ಸನ್ ಸಾಯುವವರೆಗೂ ಕ್ರೈಸ್ಟ್ ಚರ್ಚ್‌ನಲ್ಲೇ ಉಳಿದರು.

ನಿಯಮ ನಿಯಮವೇ ಅಂತ ಲಿಡೆಲ್ ಹಟ ಹಿಡಿದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಡಾಡ್ಜ್‌ಸನ್ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ದೋಣಿಯಲ್ಲಿ ಹೇಳಿದ ಕಥೆ ಆಗಿನ್ನೂ ಅಚ್ಚಿಗೆ ಹೋಗಿರಲಿಲ್ಲ. ಕುರ್ಚಿಯಲ್ಲಿ ಕೂತವರು ಮಾಡುವ ದೊಡ್ಡ ಉಪಕಾರ ಎಷ್ಟೋ ಸಲ ಕಾಗದದ ಮೇಲೆ ಕಾಣುವುದೇ ಇಲ್ಲ. ಮುಚ್ಚಿದ ಫೈಲಿಗೆ ಯಾರೂ ಹಾರ ಹಾಕೋದಿಲ್ಲ.

ಡಾಡ್ಜ್‌ಸನ್ ಅದಕ್ಕಾಗಿ ಜೀವನಪೂರ್ತಿ ಕೃತಜ್ಞರಾಗಿದ್ದರು ಅಂತ ತಿಳಿಯಬೇಡಿ. 1863ರಲ್ಲಿ ಅವರಿಗೂ ಡೀನ್ ಮನೆಗೂ ನಡುವೆ ಏನೋ ಮುರಿಯಿತು. ಡೈರಿಯ ಆ ದಿನಗಳ ಪುಟ ಈಗಿಲ್ಲ. ಖಾಲಿ ಜಾಗದಲ್ಲಿ ಊಹೆಯ ಅಂಗಡಿ ಇಟ್ಟವರು ಬಹಳ ಜನ. ನಾನು ಅದಕ್ಕೆ ಕೈಹಾಕೋದಿಲ್ಲ. ಲಿಡೆಲ್ ಕಟ್ಟಿಸಿದ ಗಂಟೆಗೋಪುರವನ್ನು ಲೇವಡಿ ಮಾಡಿ ಡಾಡ್ಜ್‌ಸನ್ 1872ರಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ಅದೇ ವರ್ಷ ಆಲಿಸ್ ಸರಣಿಯ ಎರಡನೆಯ ಪುಸ್ತಕದಲ್ಲಿರುವ ಅರ್ಥವಿಲ್ಲದ ಪದಗಳ ಪದ್ಯವನ್ನು ಒಬ್ಬರು ಗುಪ್ತನಾಮದಲ್ಲಿ ಜರ್ಮನ್ನಿಗೆ ಅನುವಾದಿಸಿ ಪ್ರಕಟಿಸಿದರು. ಆ ಅನುವಾದಕ ಬೇರೆ ಯಾರೂ ಅಲ್ಲ, ನಿಘಂಟಿನ ರಾಬರ್ಟ್ ಸ್ಕಾಟ್. ಅರ್ಥಕೋಶ ಬರೆದವರಿಗೆ ಅನರ್ಥದ ರುಚಿಯೂ ಗೊತ್ತಿತ್ತು ಅನ್ನಿ.

ಮೇಷ್ಟ್ರು ಮತ್ತು ಡೀನ್ ಮತ್ತೊಮ್ಮೆ ಎದುರುಬದುರಾದದ್ದು 1876ರಲ್ಲಿ, ನಮಗೂ ಸಂಬಂಧಪಟ್ಟ ವಿಷಯದಲ್ಲಿ. ಋಗ್ವೇದವನ್ನು ಅಚ್ಚಿಗೆ ತಂದ ಮ್ಯಾಕ್ಸ್ ಮುಲ್ಲರ್ ಆಕ್ಸ್‌ಫರ್ಡ್ ಬಿಟ್ಟು ಹೊರಡಲು ಸಿದ್ಧರಾಗಿದ್ದರು. ಪಾಠ ಹೇಳುವ ಹೊಣೆಯಿಂದ ಅವರನ್ನು ಬಿಡಿಸಿ, ಪೂರ್ವದೇಶಗಳ ಧರ್ಮಗ್ರಂಥಗಳ ಅನುವಾದಕ್ಕೆ ಕೂರಿಸಬೇಕು ಎಂಬ ನಿರ್ಣಯದ ಪರವಾಗಿ ನಿಂತವರು ಲಿಡೆಲ್. ಬದಲಿ ಪ್ರಾಧ್ಯಾಪಕನಿಗೆ ಅರ್ಧ ಸಂಬಳ ಕೊಡುವುದು ಅನ್ಯಾಯ ಅಂತ ವಿರೋಧಿಸಿದವರು ಡಾಡ್ಜ್‌ಸನ್. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ನಿರ್ಣಯ ಗೆದ್ದಿತು. 1879ರಿಂದ ಹೊರಬಂದ ಆ ಮಾಲೆ ಕೊನೆಗೆ 50 ಸಂಪುಟಗಳಾಯಿತು.

ಅದೇ ವರ್ಷದ ಜೂನ್‌ನಲ್ಲಿ ಲಿಡೆಲ್ ಮನೆಯಲ್ಲಿ ಸಾವು. ಈಡಿತ್, ದೋಣಿಯಲ್ಲಿದ್ದ ಮೂವರಲ್ಲಿ ಕಿರಿಯಳು, ಮದುವೆ ನಿಶ್ಚಯವಾಗಿದ್ದ 22ರ ಹುಡುಗಿ, ಕಾಯಿಲೆ ಬಿದ್ದು ಹೋಗಿಬಿಟ್ಟಳು. ಕ್ರೈಸ್ಟ್ ಚರ್ಚ್‌ನ ಒಂದು ಕಿಟಕಿಯ ಬಣ್ಣದ ಗಾಜಿನಲ್ಲಿ ಸಂತ ಕ್ಯಾಥರೀನಳಿಗೆ ಕಲಾವಿದ ಬರ್ನ್-ಜೋನ್ಸ್ ಕೊಟ್ಟಿರುವುದು ಈಡಿತಳ ಮುಖ. ಡೀನ್ ಆ ಚರ್ಚಿಗೆ ಇನ್ನೂ ಎಷ್ಟೋ ವರ್ಷ ದಿನವೂ ಹೋಗಬೇಕಿತ್ತು.

ಉಳಿದದ್ದು

1845, 1849, 1855, 1861, 1869, 1883, 1897. ಇವು ನಿಘಂಟಿನ ಎರಡನೆಯದರಿಂದ ಎಂಟನೆಯವರೆಗಿನ ಆವೃತ್ತಿಗಳ ವರ್ಷಗಳು. ಈ ಪಟ್ಟಿಯ ಪಕ್ಕದಲ್ಲಿ ಅವರ ಬದುಕಿನ ಬೇರೆ ವರ್ಷಗಳನ್ನು ಇಟ್ಟು ನೋಡಿ. ಮುಖ್ಯೋಪಾಧ್ಯಾಯ, ಡೀನ್, ಉಪಕುಲಪತಿ, ಮಕ್ಕಳ ಹುಟ್ಟು, ಮಕ್ಕಳ ಸಾವು. ಯಾವುದೂ ಆ ಸರಪಳಿಯನ್ನು ತುಂಡು ಮಾಡಲಿಲ್ಲ. ಸ್ಕಾಟ್ 1887ರಲ್ಲಿ ತೀರಿಕೊಂಡರು. ಕೊನೆಯ ತಿದ್ದುಪಡಿ ಲಿಡೆಲ್ ಒಬ್ಬರದೇ. 1897ರಲ್ಲಿ ಅದು ಹೊರಬಂದಾಗ ಅವರಿಗೆ 86 ವರ್ಷ. ಅವರು ಈ ಕೆಲಸಕ್ಕೆ ಕೂತು 60 ವರ್ಷ ದಾಟಿತ್ತು.

ಇದೆಲ್ಲ ಹೇಗೆ ಸಾಧ್ಯವಾಯಿತು ಅಂತ ಕೇಳುವಾಗ ನಾವು ಪೆದ್ದರಾಗಬಾರದು. ಮನೆತನದ ಬಲವಿತ್ತು. ಆಳುಕಾಳು ಇದ್ದರು. ಜಮೀನಿನ ಗೇಣಿಯಿಂದ ಬದುಕುತ್ತಿದ್ದ ಸಂಸ್ಥೆ ಬೆನ್ನಿಗಿತ್ತು. ಹತ್ತು ಹೆತ್ತು ಮನೆ ನಡೆಸಿದ ಲೊರೀನಾ ಹೆಸರು ಯಾವ ಮುಖಪುಟದಲ್ಲೂ ಇಲ್ಲ. ಅಪ್ಪ ಆಳಿದ ವಿಶ್ವವಿದ್ಯಾಲಯದಲ್ಲಿ ಆಲಿಸಳಿಗೆ ಪದವಿ ಪಡೆಯುವ ಹಕ್ಕಿರಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟದ್ದು 1920ರಲ್ಲಿ. ಆಲಿಸಳಿಗೆ ಕೊನೆಗೆ ಡಾಕ್ಟರೇಟ್ ಬಂತು, 1932ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಿಂದ. ಅದೂ ಒಂದು ಕಥೆಗೆ ಹೆಸರು ಕೊಟ್ಟಿದ್ದಕ್ಕಾಗಿ.

ನಿಘಂಟಿಗೂ ಅದರ ಕಾಲದ ಕೊಳೆ ಅಂಟಿತ್ತು. ಗ್ರೀಕ್ ಹಾಸ್ಯನಾಟಕಗಳ ಹಸಿಹಸಿ ಬೈಗುಳ ಕಂಡಾಗ ಪಾದ್ರಿ ವಿದ್ವಾಂಸರು ಲ್ಯಾಟಿನ್ ಪರದೆ ಎಳೆದುಬಿಡುತ್ತಿದ್ದರು. 2021ರಲ್ಲಿ ಬಂದ ಕೇಂಬ್ರಿಜ್ ಗ್ರೀಕ್ ನಿಘಂಟು ಆ ಪರದೆಗಳನ್ನು ಕಿತ್ತು ಹಾಕಿದೆ. ಅದು ಶುರುವಾದದ್ದೂ ಲಿಡೆಲ್-ಸ್ಕಾಟ್ ನಿಘಂಟಿನ ನಡುಗಾತ್ರದ ಆವೃತ್ತಿಯನ್ನು ತಿದ್ದುವ ಯೋಚನೆಯಿಂದಲೇ. ತಿದ್ದಿದರೆ ಸಾಲದು, ಹೊಸದಾಗಿ ಕಟ್ಟಬೇಕು ಅನ್ನೋದು ಆಮೇಲೆ ಹೊಳೆದದ್ದು. ದೊಡ್ಡ ನಿಘಂಟನ್ನು 1925ರಿಂದ 1940ರವರೆಗೆ ಹೆನ್ರಿ ಸ್ಟುವರ್ಟ್ ಜೋನ್ಸ್ ಮತ್ತು ರಾಡ್ರಿಕ್ ಮೆಕೆಂಜಿ ಪೂರ್ತಿ ಪರಿಷ್ಕರಿಸಿದರು. ಈಗ ಅದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ನಮ್ಮಲ್ಲಿ ಕಿಟೆಲ್ ನೋಡು ಅಂತೀವಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ನಿಘಂಟು ಅಂತ ಅರ್ಥ, ಫರ್ಡಿನಂಡ್ ಕಿಟೆಲ್ ಅನ್ನುವ ಮನುಷ್ಯನ ನೆನಪೇ ಆಗೋದಿಲ್ಲ. ಗ್ರೀಕ್ ಓದುವವರಿಗೆ ಲಿಡೆಲ್ ಕೂಡ ಹಾಗೇ, ಒಂದು ಕಪಾಟಿನ ಹೆಸರು. ಇದನ್ನು ದುರಂತ ಅನ್ನೋದೋ, ದೊಡ್ಡ ಗೌರವ ಅನ್ನೋದೋ? ಮೊದಲು ನಾನು ದುರಂತ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವರ ಕುರ್ಚಿಗಳಲ್ಲಿ ಆಮೇಲೆ ಎಷ್ಟು ಜನ ಕೂತು ಎದ್ದರೋ. ಇವತ್ತು ಬೆಳಗ್ಗೆ ಎಲ್ಲೋ ಒಬ್ಬ ವಿದ್ಯಾರ್ಥಿ ಹೋಮರನ ಒಂದು ಪದಕ್ಕೆ ತಡವರಿಸಿದರೆ ಅವನಿಗೆ ಸಿಗುವ ಉತ್ತರದಲ್ಲಿ, ಯಾರದ್ದು ಅಂತ ಗೊತ್ತಾಗದಂತೆ, ಆ ಇಪ್ಪತ್ತಮೂರರ ಹುಡುಗರ ಕೆಲಸ ಇದ್ದೇ ಇರುತ್ತೆ.

ಡಾಡ್ಜ್‌ಸನ್ 1898ರ ಜನವರಿ 14ರಂದು ತೀರಿಕೊಂಡರು. ಲಿಡೆಲ್ ಜನವರಿ 18ರಂದು. ನಾಲ್ಕೇ ದಿನದ ಅಂತರ. ಕ್ರೈಸ್ಟ್ ಚರ್ಚ್‌ನಲ್ಲಿ ಮಗಳು ಈಡಿತಳ ಪಕ್ಕದಲ್ಲೇ ಅವರ ಸಮಾಧಿ ಇದೆ.

ಹೋದ ತಿಂಗಳು ನನ್ನ ಚೀಟಿಗಳ ಡಬ್ಬ ತೆಗೆದೆ. ಕೊಪ್ಪರಿಗೆ, ಸೋಗೆ ಅಂತೆಲ್ಲ ಬರೆದು ಪಕ್ಕದಲ್ಲಿ ಅರ್ಥ ಮಾತ್ರ ಗೀಚಿದ್ದೇನೆ. ಯಾರು ಹೇಳಿದ್ದು, ಯಾವ ಊರು, ಯಾವ ಮಾತಿನ ನಡುವೆ ಬಂತು, ಒಂದನ್ನೂ ಬರೆದಿಟ್ಟಿಲ್ಲ. ಪದಗಳಿವೆ, ಅವುಗಳ ಚರಿತ್ರೆ ಇಲ್ಲ. ಹೇಳಿದವರಲ್ಲಿ ಕೆಲವರು ಈಗಿಲ್ಲ. ಇರುವವರ ಮನೆಗೆ ಹೋಗೋದಕ್ಕೆ ಶುರು ಮಾಡಿದ್ದೇನೆ, ಒಂದೊಂದೇ ಚೀಟಿ ಹಿಡಿದುಕೊಂಡು.